ಮರಳು ತೋಡುವ ಮೀನು

ಮೀನು ಮರಳು ತೋಡಿದರೆ ಯಾರಪ್ಪನ ಗಂಟು ಹೋಗುತ್ತದೆ? ಯಾರದೂ ಇಲ್ಲ. ಆದರೆ ಮೊಳಕಾಲ್ಮೂರಿನ ನೇಕಾರ ಪಾಲಾಕ್ಷನ ಮನೆಯಲ್ಲಿ ಅದು ತೋಡತೊಡಗಿದ ಮೇಲೆ ಮನೆಯವರ ಗಂಟಲಲ್ಲಿ ಅನ್ನ ಇಳಿಯದಂತಾಯಿತು.

ಆ ಬೀದಿಯಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲಬೇಕು. ಅಂಥಲ್ಲಿ ನೀರಿಗೆ ಉಪ್ಪು ಕಲಸಿ ಸಮುದ್ರದ ಮೀನು ಸಾಕುವುದು ಹುಚ್ಚೇ ಸರಿ. ಹುಚ್ಚು ಮೊದಲು ಹಿಡಿದದ್ದು ಚಳ್ಳಕೆರೆಯ ಸೀರೆ ಅಂಗಡಿ ಸಾಹುಕಾರರಿಗೆ. ಅವರು ಮದ್ರಾಸಿನಿಂದ ಗಾಜಿನ ತೊಟ್ಟಿ, ಉಪ್ಪಿನ ಚೀಲ, ಎರಡು ಕ್ಲೌನ್ ಫಿಶ್ ತರಿಸಿ ಗಲ್ಲಾದ ಪಕ್ಕ ಇಟ್ಟುಕೊಂಡಿದ್ದರು. ಬೇಸರ ಬಂದಾಗ ತಮಗೆ ಸೀರೆ ನೇಯ್ದು ಕೊಡುವ ಪಾಲಾಕ್ಷನಿಗೆ ದಾಟಿಸಿದರು. ಅವನು ಬೇಡವೆನ್ನಲಿಲ್ಲ. ಜೀವವಿರುವ ಏನಾದರೂ ಕಣ್ಣ ಮುಂದೆ ಓಡಾಡಿದರೆ ಹೆಂಡತಿ ಸುನಿತಾ ಬಾಯಿ ಬಿಟ್ಟಾಳು ಎಂಬ ಆಸೆ ಅವನಿಗೆ.

ಹಿಂದಿನ ಶ್ರಾವಣದಲ್ಲಿ ಸುನಿತಾ ಹೆತ್ತ ಗಂಡುಮಗು ಬೆಳಗಾಗುವುದರೊಳಗೆ ಹೋಗಿತ್ತು. ಅವಳು ಜ್ವರದಲ್ಲಿ ಎಚ್ಚರ ತಪ್ಪಿ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ಕೂಸನ್ನು ಹೂತ ಜಾಗವನ್ನು ಹೆತ್ತವಳಿಗೆ ತೋರಿಸಬಾರದು, ಹೇಳಲೂಬಾರದು ಎಂಬುದು ಆ ಮನೆಯ ಪದ್ಧತಿ. ಗೊತ್ತಾದರೆ ಅವಳ ಜೀವ ಅಲ್ಲೇ ಸುತ್ತುತ್ತದೆ, ಮತ್ತೆ ಬಸಿರು ನಿಲ್ಲುವುದಿಲ್ಲ ಎನ್ನುತ್ತಿದ್ದರು. ಈ ಪದ್ಧತಿ ಮಾಡಿದ ಮಹಾನುಭಾವ ಹೆತ್ತು ಕಳಕೊಂಡವನಂತೂ ಆಗಿರಲಿಕ್ಕಿಲ್ಲ.

ಸುನಿತಾ ಬೇರೇನೂ ಕೇಳಲಿಲ್ಲ. ಜಾಗ ಒಂದನ್ನು ಹೇಳಿ ಎಂದಳು. ಪಾಲಾಕ್ಷ ಒಮ್ಮೆ ಗುಡ್ಡದ ಬುಡ ಎಂದ, ಇನ್ನೊಮ್ಮೆ ಹಳ್ಳದ ದಂಡೆ ಎಂದ. ಅವಳು ಎರಡು ಕಡೆಗೂ ಹೋಗಿ ಬಂದಳು. ಹಳ್ಳದ ದಂಡೆಯ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಸುಳ್ಳು ಎಂದು ತಿಳಿದ ದಿನದಿಂದ ಮಾತೇ ಬಿಟ್ಟಳು. ಹೂಂ, ಉಹೂಂ, ಅಷ್ಟೇ.

ತೊಟ್ಟಿಯನ್ನು ಪಾಲಾಕ್ಷ ನಡುಮನೆಯ ಮೂಲೆಯಲ್ಲಿಟ್ಟ. ಅಲ್ಲಿ ಮೊದಲು ಗುಂಡಿ ಮಗ್ಗವಿತ್ತು. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ತುಳಿಯುತ್ತ ನೇಯುವ ಮಗ್ಗ. ಮಂಡಿನೋವು ಎಂದು ಅವನು ಹಿಂದಿನ ವರ್ಷವೇ ಗುಂಡಿ ಮುಚ್ಚಿ, ಮೇಲೆ ಕಡಪ ಕಲ್ಲು ಹಾಕಿ, ಮುಂದಿನ ಕೋಣೆಯಲ್ಲಿ ಬೇರೆ ಮಗ್ಗ ಹೂಡಿದ್ದ.

ಮೀನುಗಳು ಚೆಂದ. ಕಿತ್ತಳೆ ಮೈ, ಬಿಳಿ ಪಟ್ಟೆ, ಪಟ್ಟೆಗೆ ಸಣ್ಣ ಕಪ್ಪು ಅಂಚು. ಅಂಥ ಅಂಚು ಎಳೆಯಲು ನೇಕಾರನಿಗೂ ಕೈ ಪಳಗಿರಬೇಕು. ಸುನಿತಾ ಅವುಗಳಿಗೆ ಕಾಳು ಹಾಕಿದಳು. ಕರೆಂಟು ಹೋಗಿ ಗಾಳಿ ಊದುವ ಯಂತ್ರದ ಗುಳ್ಳೆ ನಿಂತಾಗ ಲೋಟದಲ್ಲಿ ನೀರೆತ್ತಿ ಮೇಲಿಂದ ಸುರಿದಳು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಮೀನು ತೋಡಲು ಶುರುಮಾಡಿತು. ದೊಡ್ಡದು ತಳಕ್ಕಿಳಿದು, ಮೈ ಓರೆ ಮಾಡಿ, ಬಾಲದಿಂದ ಮರಳನ್ನು ಬಡಿದು ಬಡಿದು ಹಿಂದಕ್ಕೆ ತೂರುತ್ತಿತ್ತು. ಚಿಕ್ಕದು ಬಾಯ್ತುಂಬ ಮರಳು ಕಚ್ಚಿಕೊಂಡು ಹೋಗಿ ದೂರ ಉಗುಳುತ್ತಿತ್ತು. ಸುನಿತಾ ಬೆಳಿಗ್ಗೆ ಕೋಲಿನಿಂದ ಸಮ ಮಾಡಿದರೆ ಸಂಜೆಗೆ ಮತ್ತೆ ಅದೇ ಮೂಲೆ, ಅದೇ ಗುಂಡಿ.

ಪಕ್ಕದ ಮನೆಯ ಜೋಗಪ್ಪ ನೋಡಲು ಬಂದ. ಇವನು ಹರೆಯದಲ್ಲಿ ಹತ್ತಿರದ ಬ್ರಹ್ಮಗಿರಿ ಗುಡ್ಡದ ಸುತ್ತ ನಿಧಿ ಅಗೆಯಲು ಹೋಗಿ ಸೊಂಟ ಹಿಡಿಸಿಕೊಂಡು ಬಂದ ಪುಣ್ಯಾತ್ಮ. ತೊಟ್ಟಿಯ ಮುಂದೆ ಕೂತು ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟ.

"ಮೂಕಪ್ರಾಣಿ ಸುಮ್‌ಸುಮ್ನೆ ತೋಡಲ್ಲ ಕಣ್ಲೇ ಪಾಲಾಕ್ಷ. ಕೆಳಗೆ ಏನೋ ಐತೆ."

ಪಾಲಾಕ್ಷನ ತಾಯಿ ಯರ್ರಮ್ಮ ಅವನಿಗೆ ಕಾಫಿ ತರುತ್ತಿದ್ದವಳು ಅರ್ಧ ನೆಲಕ್ಕೇ ಚೆಲ್ಲಿದಳು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ ಎಂದು ಬೈದು ಅವನನ್ನು ಅಟ್ಟಿದಳು. ಸುನಿತಾ ನೋಡಿದ್ದು ನೆಲಕ್ಕೆ ಚೆಲ್ಲಿದ ಕಾಫಿಯನ್ನು. ಅತ್ತೆ ಅದನ್ನು ಒರೆಸುವುದನ್ನೂ ಮರೆತು ಬಾಗಿಲ ಅಗಣಿ ಹಾಕುತ್ತಿದ್ದಳು.

ಅಂದಿನಿಂದ ಅವಳು ಮರಳು ಸಮ ಮಾಡುವುದನ್ನು ಬಿಟ್ಟಳು. ಮಧ್ಯಾಹ್ನ ಬೀದಿಯ ಮಗ್ಗಗಳೆಲ್ಲ ಊಟಕ್ಕೆ ನಿಂತು ಊರು ಮೌನವಾದಾಗ, ಮರಳು ಗಾಜಿಗೆ ತಾಗುವ ಟಿಕ್ ಟಿಕ್ ಸದ್ದು ಕೇಳಿಸುತ್ತಿತ್ತು. ಯಾರೋ ಉಗುರಿನಿಂದ ಮೆಲ್ಲಗೆ ಬಾಗಿಲು ಕೆರೆದಂತೆ. ಒಂದು ದಿನ ಅವಳು ಬಗ್ಗಿ ಕಡಪ ಕಲ್ಲಿಗೆ ಕೆನ್ನೆ ಇಟ್ಟಳು. ಕಲ್ಲು ತಣ್ಣಗಿತ್ತು. ಸದ್ದು ಮೇಲಿನಿಂದ ಬರುತ್ತಿದೆಯೋ ಕೆಳಗಿನಿಂದಲೋ ಅವಳಿಗೆ ತಿಳಿಯಲಿಲ್ಲ. ಹೆದರಿಕೆಯಾಯಿತು. ಆದರೂ ಏಳಲು ಮನಸ್ಸಾಗಲಿಲ್ಲ.

ಯರ್ರಮ್ಮ ಬಾಗಿಲಲ್ಲಿ ನಿಂತು ಅದನ್ನು ಕಂಡಳು. ಗಾಬರಿಯಾದಾಗ ಅವಳ ಬಾಯಿಗೆ ತೆಲುಗೇ ಬರುವುದು. ಮಗನನ್ನು ಹಿತ್ತಿಲಿಗೆ ಕರೆದು, ವದ್ದುರಾ, ಈ ಮೀನಿನ ಸಹವಾಸ ವದ್ದು, ವಾಪಸ್ ಕೊಟ್ಟುಬಿಡು ಎಂದು ಗೋಗರೆದಳು. ತೊಟ್ಟಿ ತೆಗೆದರೆ ಆ ಕಲ್ಲು ಬರಿದಾಗುತ್ತದೆ, ಅವಳು ಅದನ್ನು ಎಬ್ಬಿಸದೆ ಬಿಡುತ್ತಾಳೆಯೇ ಎಂದು ಪಾಲಾಕ್ಷ ಕೇಳಿದ.

ಮರುದಿನವೇ ಅವನು ಬಸ್ಸು ಹತ್ತಿ ಚಳ್ಳಕೆರೆಗೆ ಹೋದ. ಸಾಹುಕಾರರು ಮದ್ರಾಸಿನ ಮೀನಿನ ಅಂಗಡಿಗೆ ಫೋನು ಮಾಡಿ, ಮೀನು ಯಾಕೆ ತೋಡುತ್ತದೆ ಎಂದು ಕೇಳಿದರು. ಉತ್ತರ ಕೇಳಿ ಪಾಲಾಕ್ಷನ ಎದೆಯ ಮೇಲಿನ ಕಲ್ಲು ಇಳಿಯಿತು. ಬಸ್ಸಿಳಿದವನು ಓಡುವ ನಡಿಗೆಯಲ್ಲಿ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ಹೇಳತೊಡಗಿದ.

"ಅವು ಗಂಡ ಹೆಂಡ್ತಿ ಅಂತೆ ಸುನಿತಾ. ದೊಡ್ಡದು ಹೆಣ್ಣು. ಮೊಟ್ಟೆ ಇಡೋಕೆ ಗಟ್ಟಿ ಜಾಗ ಬೇಕು, ಅದಕ್ಕೇ ಮರಳು ತೂರ್ತಾವೆ. ಒಂದು ಚಪ್ಪಟೆ ಕಲ್ಲು ಇಟ್ರೆ ಸಾಕಂತೆ. ಕೆಳಗಿರೋ ಕೂಸಿಗೂ ಅದಕ್ಕೂ ಏನೂ ಸಂಬಂಧ ಇಲ್ಲ."

ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ಕೂಸು ಕೆಳಗಿದೆ ಎಂದು ಅವಳೆದುರು ಅದುವರೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ನೆಮ್ಮದಿ ಹೀಗೆಯೇ, ನಾಲಿಗೆಯ ಗಂಟು ಬಿಚ್ಚಿಬಿಡುತ್ತದೆ. ಸುನಿತಾ ಕಿರುಚಲಿಲ್ಲ, ಕಲ್ಲಿಗೆ ಕೈ ಹಾಕಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ಕುಸಿದು ಕೂತು ಉಳಿದದ್ದನ್ನೂ ಹೇಳಿದ.

ಗುಡ್ಡದ ಬುಡಕ್ಕೆ ಹೊತ್ತುಕೊಂಡು ಹೋದದ್ದು ನಿಜವಂತೆ. ಅಲ್ಲಿ ಹಿಂದೆ ಯಾರೋ ಹೂತ ಪುಟ್ಟ ಕುಣಿಯನ್ನು ನಾಯಿಗಳು ಕೆದರಿದ್ದವು. ಅದನ್ನು ನೋಡಿ ಕಾಲು ಮುಂದೆ ಹೋಗಲಿಲ್ಲ. ಮಳೆಯಲ್ಲಿ ನೆನೆಯುತ್ತ ವಾಪಸ್ ಬಂದ. ಮಗ್ಗದ ಮೇಲಿದ್ದ ಅರ್ಧ ಸೀರೆಯನ್ನು ಕತ್ತರಿಸಿ ಸುತ್ತಿ, ಚಿಕ್ಕಂದಿನಿಂದ ತನ್ನ ಕಾಲು ಆಡಿದ ಗುಂಡಿಯಲ್ಲೇ ಮಲಗಿಸಿ ಮಣ್ಣು ಎಳೆದ. ಮಂಡಿನೋವು ಬರೀ ನೆಪ. ಯಾರಿಗೂ ಹೇಳಕೂಡದೆಂದು ತಾಯಿ ಆಣೆ ಹಾಕಿಸಿಕೊಂಡಿದ್ದಳು.

"ತಲೆ ಯಾವ ಕಡೆ ಐತ್ರಿ?" ಎಂದಳು ಸುನಿತಾ.

"ಅಡಿಗೆಮನೆ ಕಡೆ," ಎಂದ ಪಾಲಾಕ್ಷ. "ನಿನ್ನ ಮಾತು ಕೇಳಿಸ್ಲಿ ಅಂತ."

ಆಗ ಅತ್ತಳು ನೋಡಿ. ಇಡೀ ವರ್ಷ ಆ ಮನೆಯಲ್ಲಿ ಅವಳು ಮಾತೇ ಆಡಿರಲಿಲ್ಲವಲ್ಲ. ಬೀದಿಯ ಮಗ್ಗಗಳು ನಿಲ್ಲುವಷ್ಟು ಜೋರಾಗಿ ಅತ್ತಳು. ಪಾಲಾಕ್ಷನೂ ಅತ್ತ. ಅತ್ತು ಸಾಕಾದ ಮೇಲೆ ಅವಳು ಚಾಪೆ ತಂದು ತೊಟ್ಟಿಯ ಪಕ್ಕ, ಅಡಿಗೆಮನೆಯ ಕಡೆಗೆ ಹಾಸಿ ಕೂತಳು.

ಯರ್ರಮ್ಮ ಬಹಳ ಹೊತ್ತು ಗೋಡೆಗೆ ಒರಗಿ ನಿಂತಿದ್ದಳು. ಸೊಸೆ ಬೈಯಲಿ ಎಂದು ಕಾದಳೋ ಏನೋ. ಆಮೇಲೆ ಮೆಲ್ಲಗೆ ಹತ್ತಿರ ಬಂದಳು.

"ನಂದು ಎರಡು ಹೋದ್ವಮ್ಮ," ಎಂದಳು. "ಇವನಿಗಿಂತ ಮೊದ್ಲು. ಎಲ್ಲಿ ಇಟ್ರೋ, ನಿಮ್ಮ ಮಾವ ಸಾಯೋವರೆಗೂ ಹೇಳ್ಲಿಲ್ಲ. ನಾನೂ ಇಲ್ಲೇ ಸ್ವಲ್ಪ ಕೂತ್ಕೊಳ್ಳಲಾ?"

ಸುನಿತಾ ಸರಿದು ಅರ್ಧ ಚಾಪೆ ಬಿಟ್ಟುಕೊಟ್ಟಳು.