ಸ್ಟೀಲ್ ಬಟ್ಟಲಿನ ಸುಳ್ಳು

ಅಂಗಳದಲ್ಲಿ ಮೂರು ಇಟ್ಟಿಗೆ ಹೂಡಿ ಅವ್ವನ ಕೊನೆಯ ಸ್ನಾನಕ್ಕೆ ನೀರು ಕಾಯಿಸುತ್ತಿದ್ದ ಸೂರ್ಯಕಾಂತ ಇನ್ನೊಂದು ಕಟ್ಟಿಗೆ ತುರುಕಿದ. ಹೊಗೆಗೆ ಕಣ್ಣು ಉರಿಯುತ್ತಿತ್ತು. ಜನರೆದುರು ಅಳುವ ಗಂಡಸಿಗೆ ಅದೊಂದು ಅನುಕೂಲ. ಒಳಗೆ ಅವ್ವ ನೀಲಗಂಗಮ್ಮನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹೆಣ ಇರುವ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯ ಇಕ್ಬಾಲ್ ಬೇಗಂ ಚಹಾ ಮಾಡಿ ತಂದಿದ್ದರು. ಕಮಲಾಪುರದಿಂದ ಬಂದ ಸೋದರಮಾವ ಮಹಾದೇವಪ್ಪ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಆರಿ ಹೋಗ್ಯಾದ. ಒಳಗ ಆ ಕರೆಂಟಿನ ಡಬ್ಬಿ ಅದಲ್ಲ, ಅದರಾಗ ಇಡ್ರಿ. ಅದರಾಗ ಬೆಂಕಿ ಎಲ್ಲದ?"

"ಎಲ್ಲೀದು ಮಾಮಾ," ಅಂದಳು ಸೂರ್ಯಕಾಂತನ ಹೆಂಡತಿ ಜಯದೇವಿ. "ಅದು ಕೆಟ್ಟು ಎರಡು ವರ್ಷಾತು. ಅತ್ತಿ ಸ್ಟೀಲ್ ಬಟ್ಟಲ ಇಟ್ಟು ಕೆಡಿಸಿದ್ರು."

"ಝೂಟ್," ಅಂದರು ಇಕ್ಬಾಲ್ ಬೇಗಂ. "ಅಕ್ಕ ಕೆಡಿಸಿಲ್ಲ."

*

ಆ ಮೈಕ್ರೊವೇವ್ ತೊಂಬತ್ತೊಂಬತ್ತರಲ್ಲಿ ಜಯದೇವಿಯ ಅಣ್ಣ ಮನೆ ಪ್ರವೇಶಕ್ಕೆ ಕೊಟ್ಟದ್ದು. ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಅಂಥದ್ದು ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಯಂತ್ರಗಳ ವಿಷಯದಲ್ಲಿ ಸೂರ್ಯಕಾಂತನದೇ ಒಂದು ಶಾಸ್ತ್ರ. ಬೆಳಿಗ್ಗೆ ಸ್ಕೂಟರನ್ನು ನಿಂತಲ್ಲೇ ಒಂದಿಷ್ಟು ಹೊತ್ತು ಗುರುಗುಡಿಸಿದ ಮೇಲೇ ಹೊರಡುವ ಮಹಾಶಯ. ಮೈಕ್ರೊವೇವಿಗೂ ಅದೇ ಉಪಚಾರ: ಒಳಗೆ ಏನೂ ಇಡದೆ ದಿನಾ ತಿರುಗಿಸಿ, "ಮೊದಲ ಅದು ಕಾಯಬೇಕು" ಅನ್ನುತ್ತಿದ್ದ. ಹಲ್ಲಿಲ್ಲದ ನೀಲಗಂಗಮ್ಮ ಹಾಲಿನಲ್ಲಿ ರೊಟ್ಟಿ ಮುರಿದು ಅದರಲ್ಲೇ ಬಿಸಿ ಮಾಡಿಕೊಂಡು ತಿನ್ನುತ್ತಿದ್ದಳು. ಗ್ಯಾಸಿಗೆ ಅಂಜುವ ಮುದುಕಿಗೆ ಅದೊಂದು ಸುಖ.

ಮೂರನೇ ವರ್ಷದಲ್ಲಿ ಒಂದು ದಿನ ದೀಪ ಹತ್ತಿತು, ತಟ್ಟೆಯೂ ತಿರುಗಿತು, ರೊಟ್ಟಿ ಮಾತ್ರ ತಣ್ಣಗೇ ಉಳಿಯಿತು. ಸಂಜೆ ಮಗ ಬಂದಾಗ, "ಸ್ಟೀಲ್ ಬಟ್ಟಲ ಇಟ್ಟಿದ್ನೆಪಾ, ಕಿಡಿ ಹಾರಿ ಕೆಟ್ಟೋತು" ಅಂದಳು. ಅವನು ಓಣಿಗೆಲ್ಲ ಕೇಳುವಂತೆ ಬೈದ.

"ಬೀಗರಿಗೆ ಏನಂತ ಮುಖ ತೋರಿಸ್ಲಿ? ಇನ್ನ ಮ್ಯಾಲ ಅಡಗಿಮನ್ಯಾಗ ಕಾಲಿಡಬ್ಯಾಡ ನೀ."

ಅವಳು ಇಡಲಿಲ್ಲ. ಮಗ ಸೊಸೆ ಕೆಲಸಕ್ಕೆ ಹೋಗುವಾಗ ಮುಚ್ಚಿಟ್ಟದ್ದನ್ನು ಮಧ್ಯಾಹ್ನ ತಣ್ಣಗೇ ತಿಂದಳು. ಕೇಳಿದರೆ, ನನಗೆ ತಣ್ಣಂದೇ ಸೇರ್ತದ ಅಂದಳು. ಅವನು ನಂಬಿದ. ನಂಬುವುದು ಸುಲಭವಿತ್ತು.

*

"ಅವತ್ತ ಮಧ್ಯಾಹ್ನ ಅಕ್ಕ ನನ್ನ ಕಡಿಂದ ರಿಪೇರಿಯವನ್ನ ಕರಿಸಿದ್ಳು, ಬೇಟಾ," ಇಕ್ಬಾಲ್ ಬೇಗಂ ಸೂರ್ಯಕಾಂತನ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಖಾಲಿ ತಿರುಗಿಸಿ ತಿರುಗಿಸಿ ಒಳಗಿನ ಟ್ಯೂಬ್ ಸುಟ್ಟಾದ, ಇಲ್ಲಂದ್ರ ಎಂಟ್ಹತ್ತು ವರ್ಷ ಬಾಳ್ತಿತ್ತು ಅಂದ ಅವ. ಯಾರು ಖಾಲಿ ತಿರುಗಸ್ತಿದ್ರು, ಅಕ್ಕಗ ಗೊತ್ತಿರಲಿಲ್ಲೇನು? ಯಾರಿಗೂ ಹೇಳಬ್ಯಾಡಂತ ನನಗ ಕಸಮ್ ಹಾಕಿಸಿದ್ಳು. ಸೊಸಿ ತವರಿನ ಸಾಮಾನು, ಮಗ ಕೆಡಿಸ್ಯಾನಂದ್ರ ಅವನ ಮಾನ ಹೋಗ್ತದ, ನನ್ನ ಮ್ಯಾಲೇ ಇರ್ಲಿ ಅಂದ್ಳು."

ಸೂರ್ಯಕಾಂತ ತಲೆಯೆತ್ತಿದ. ಜಯದೇವಿ ಗಂಡನನ್ನೇ ನೋಡುತ್ತಿದ್ದಳು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು, ಆ ನೋಟವನ್ನಲ್ಲ.

"ನೀರ ಕಾದಾವ," ಅಂದ ಮಹಾದೇವಪ್ಪ ಮೆಲ್ಲಗೆ. "ಏಳು."

ಮಧ್ಯಾಹ್ನ ತವರೂರು ಕಮಲಾಪುರದ ಹೊಲದಲ್ಲಿ ನೀಲಗಂಗಮ್ಮನನ್ನು ಗುಂಡಿಯೊಳಗೆ ಕೂಡಿಸಿದರು. ವಿಭೂತಿ, ಬಿಲ್ವಪತ್ರೆ ಹಾಕಿ ಆಯಿತು. ಅವ್ವನನ್ನು ಚೆನ್ನಾಗಿಯೇ ನೋಡಿಕೊಂಡೆ ಎಂಬ ಒಂದು ಸಮಾಧಾನ ಸೂರ್ಯಕಾಂತನಿಗೆ ಬೆಳಿಗ್ಗೆಯವರೆಗೂ ಇತ್ತು. ಈಗ ಕಾಲು ಹಿಡಿದು ತಪ್ಪಾಯಿತು ಅನ್ನೋಣವೆಂದರೆ, ಆ ಕಾಲುಗಳನ್ನು ಮಡಿಸಿಕೊಂಡು ಅವಳು ಕೆಳಗೆ ಕೂತಿದ್ದಳು.

"ಮೊದಲನೇ ಹಿಡಿ ಮಗಂದು. ಹಾಕಪಾ," ಅಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು.

ಬಾಗಿ ಒಂದು ಹಿಡಿ ಮಣ್ಣೆತ್ತಿದ. ಮೇ ತಿಂಗಳ ಬಿಸಿಲಿಗೆ ಕಾದು ಅದು ಅಂಗೈಯನ್ನು ಚುರುಗುಟ್ಟಿಸಿತು.

"ಬಿಸಿ ಅದ ಮಾಮಾ," ಅಂದ.

"ಹಾಕು ಸೂರ್ಯಾ."

"ಬಾಳ ಬಿಸಿ ಅದ."

ಅವನು ಮುಷ್ಟಿ ಬಿಚ್ಚಲಿಲ್ಲ. ಸಲಿಕೆ ಹಿಡಿದವರು ಕಾದು ನಿಂತರು. ಕೊನೆಗೆ ಮಹಾದೇವಪ್ಪ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.