ಪಟ್ಟಿಯಲ್ಲಿಲ್ಲದ ಹ್ಯಾಂಡ್

ಡಬ್ಬಿ ಕಾರ್ಖಾನೆಯ ಮ್ಯಾನೇಜರಿಗೆ ಇಂಗ್ಲಿಷ್ ಹುಚ್ಚು. ಹುಚ್ಚು ಹಿಡಿದವನು ತಾನೊಬ್ಬನೇ ಅನುಭವಿಸಿದರೆ ಯಾರು ಬೇಡ ಅಂದಾರು? ಈ ಪುಣ್ಯಾತ್ಮ ಅದನ್ನು ಕೆಲಸಗಾರರ ತಲೆಗೂ ಕಟ್ಟಿದ್ದ. ವಾರಕ್ಕೊಂದು ದಿನ ಊಟದ ಬಿಡುವಿನಲ್ಲಿ ಪಾಠ. ಈ ಸಲದ ಪಾಠ ‘ಹ್ಯಾಂಡ್’, ಅಂದರೆ ಕೈ. ಅದಕ್ಕೊಂದೊಂದು ಬಾಲ ಅಂಟಿಸಿದರೆ ಹ್ಯಾಂಡಲ್, ಹ್ಯಾಂಡ್‌ಬ್ರೇಕ್, ಹ್ಯಾಂಡ್‌ರೈಟಿಂಗ್. ಇಂಥ ಇಪ್ಪತ್ತು ಪದಗಳ ಪಟ್ಟಿ ಗೋಡೆಯ ಮೇಲಿತ್ತು. ಯಜಮಾನರು ಬರುವ ದಿನ ಅವರೆದುರೇ ಸ್ಪರ್ಧೆ, ಗೆದ್ದವರಿಗೆ ಒಂದು ಹ್ಯಾಂಡ್‌ಬ್ಯಾಗು.

ಆ ಪಟ್ಟಿಯ ಕೆಳಗೇ ತಗಡು ಒತ್ತಿ ಮುಚ್ಚಳ ಮಾಡುವ ಮೂರನೇ ಪ್ರೆಸ್ಸು. ಕೈ ಒಳಗೆ ಹೋಗದಂತೆ ತಡೆಯುವ ಅದರ ಜಾಲರಿ ಮುರಿದು ತಿಂಗಳಾಗಿತ್ತು. ಅಲ್ಲಿ ಕೂರುತ್ತಿದ್ದ ಹುಡುಗಿಗೆ ಪ್ಯಾಕಿಂಗ್ ಮಾಡುವ ಹೆಂಗಸು ಅತ್ತಿಗೆಯಾಗಬೇಕು. ಇಡೀ ಕಾರ್ಖಾನೆಗೂ ಅವಳು ಅತ್ತಿಗೆಯೇ. ಗಂಡನ ಜೊತೆ ಜಗಳವಾಡಿ ನಾದಿನಿಯನ್ನು ಕೆಲಸಕ್ಕೆ ಸೇರಿಸಿದವಳೂ ಇವಳೇ. ಹೋದ ವಾರ ಹುಡುಗಿಯ ಬೆರಳು ಕೂದಲೆಳೆಯಲ್ಲಿ ಉಳಿದಿತ್ತು. ಅವತ್ತಿನಿಂದ ಜಾಲರಿ ಹಾಕಿಸಿ ಎಂದು ಅತ್ತಿಗೆ ಮ್ಯಾನೇಜರನ ಬೆನ್ನು ಬಿದ್ದಳು.

ಮೂರು ಸಲ ಹೋಗಿ ಹೇಳಿದ್ದಾಯಿತು. “ಬರ್ಕೊಂಡಿದ್ದೀನಿ ಕಣಮ್ಮ. ನೀನು ಮೊದ್ಲು ಪದ ಬಾಯಿಪಾಠ ಮಾಡು,” ಎಂದಿದ್ದ ಮ್ಯಾನೇಜರ್.

ಯಜಮಾನರಿಗೇ ಹೇಳೋಣವೆಂದರೆ ಅವರು ಬಂದಾಗೆಲ್ಲ ಇವನು ಬಾಲದಂತೆ ಹಿಂದೆಯೇ. ಅವರೆದುರು ಬಾಯಿ ಬಿಡಲು ಸಿಗುವುದು ಸ್ಪರ್ಧೆಯೊಂದೇ. ಸರಿ, ಅತ್ತಿಗೆ ಪಾತ್ರೆ ತಿಕ್ಕುತ್ತಾ, ಬಟ್ಟೆ ಹಿಂಡುತ್ತಾ ಪದಗಳನ್ನು ಉರು ಹೊಡೆಯತೊಡಗಿದಳು.

“ಬ್ಯಾಗ್ ಮೇಲೆ ಅಷ್ಟೊಂದು ಆಸೆನಾ ಅತ್ತಿಗೆ?” ನಾದಿನಿ ನಕ್ಕಳು.

“ಬ್ಯಾಗ್ ಮನೆ ಹಾಳಾಗ! ತಪ್ಪಿದ್ರೆ ಹೇಳೇ, ಇಲ್ದಿದ್ರೆ ಸುಮ್ನೆ ಕೂತ್ಕೋ.”

ಆ ದಿನ ಬಂತು. ಗೋಡೆಯ ಪಟ್ಟಿ ಇಳಿಸಿ, ಮೂರನೇ ಪ್ರೆಸ್ಸಿನ ಪಕ್ಕದಲ್ಲೇ ಸ್ಪರ್ಧೆ. ಒಬ್ಬರು ಏಳು ಪದಕ್ಕೇ ನಿಂತರು, ಇನ್ನೊಬ್ಬಳು ಹದಿನಾಲ್ಕಕ್ಕೆ. ಅತ್ತಿಗೆ ಒಂದೇ ಉಸಿರಿಗೆ ಇಪ್ಪತ್ತನ್ನೂ ಒಪ್ಪಿಸಿದಳು. ಮ್ಯಾನೇಜರ್ ತಾನೇ ಹೆತ್ತವನಂತೆ ಬೀಗಿದ. ಅವಳು ಮಾತ್ರ ಕೂರಲಿಲ್ಲ.

“ಇಪ್ಪತ್ತೊಂದು, ಹ್ಯಾಂಡ್‌ಗಾರ್ಡ್.”

“ಅದು ಪಟ್ಟೀಲಿಲ್ಲ,” ಎಂದ ಮ್ಯಾನೇಜರ್.

“ಪ್ರೆಸ್ಸಲ್ಲೂ ಇಲ್ಲ ಸಾರ್.”

ಯಜಮಾನರು ಹುಬ್ಬೇರಿಸಿದರು. “ಏನ್ರೀ ಅದು?”

“ಏನಿಲ್ಲ ಸಾರ್, ಒಂದು ಸಣ್ಣ ಜಾಲರಿ. ಇಲ್ದಿದ್ರೂ ಅಪಾಯ ಏನಿಲ್ಲ. ಹೆಂಗಸ್ರು, ಸುಮ್ಸುಮ್ನೆ ಹೆದರ್ಕೊಳ್ತಾರೆ.”

ಅತ್ತಿಗೆ ಮ್ಯಾನೇಜರನ ಕಡೆ ತಿರುಗಿದಳು. “ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸಾರ್? ಮಷಿನ್ ಹಾಕ್ತೀವಿ. ನೀವೇ ಒಂದ್ಸಲ ಕೈಯಿಟ್ಟು ತಗಡು ಸರಿಮಾಡಿ ತೋರಿಸ್ಬಿಡಿ. ನಮ್ಮ ಹೆದರಿಕೇನೂ ಹೋಗುತ್ತೆ.”

ನಾದಿನಿ ಗುಂಡಿ ಒತ್ತಿಯೇಬಿಟ್ಟಳು. ಪ್ರೆಸ್ಸು ಧಡಾರ್ ಎಂದು ಇಳಿಯಿತು, ಏರಿತು, ಮತ್ತೆ ಇಳಿಯಿತು. ಮ್ಯಾನೇಜರ್ ಹೆಹ್ಹೆ ಎಂದ. ಜೊತೆಗೆ ನಗುವವರು ಯಾರೂ ಇರಲಿಲ್ಲ. ಅವನ ಎರಡೂ ಕೈಗಳು ಮೆಲ್ಲಗೆ ಪ್ಯಾಂಟಿನ ಜೇಬು ಸೇರಿದವು.

ಯಜಮಾನರು ಆ ಜೇಬುಗಳನ್ನೇ ನೋಡಿದರು. “ನಿಲ್ಸಮ್ಮ ಅದನ್ನ. ಜಾಲರಿ ಹಾಕೋವರೆಗೂ ಯಾರೂ ಅಲ್ಲಿ ಕೂರ್ಬೇಡಿ.”

ಸಂಜೆಯೊಳಗೆ ಜಾಲರಿ ಬಂತು. ತಿಂಗಳಿಡೀ ಸಿಗದ ಫಿಟ್ಟರ್ ಅದೆಲ್ಲಿಂದ ಉದುರಿದನೋ! ಹ್ಯಾಂಡ್‌ಬ್ಯಾಗು ಮಾತ್ರ ಹದಿನಾಲ್ಕು ಪದದವಳಿಗೆ ಹೋಯಿತು. ಪಟ್ಟಿಯಲ್ಲಿಲ್ಲದ್ದನ್ನು ಹೇಳಿದ ಅತ್ತಿಗೆ ಸ್ಪರ್ಧೆಯಿಂದಲೇ ಹೊರಗಂತೆ. ಮ್ಯಾನೇಜರ್ ಹಾಗೆಂದು ಸಾರಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಾದಿನಿಯೊಬ್ಬಳು ತಟ್ಟಿದಳು, ಅತ್ತಿಗೆಯ ಕಡೆ ತಿರುಗಿ, ಹತ್ತೂ ಬೆರಳು ಸೇರಿಸಿ.