ಹೆಂಡದಂಗಡಿಯ ಕಿಟಕಿಯಿಂದ ಬಂದ ಕರೆಂಟು

ಚರ್ಚಿನ ಮೂರನೆಯ ಮೆಟ್ಟಿಲ ಮೇಲೆ ರೇಮಂಡನ ಬೂಟು ಜಾರಿತು. ಅವನ ತಂದೆ ಝಿಗ್ಗಿ ಪವ್ಲಾಕನ ಶವಪೆಟ್ಟಿಗೆ ಒಂದು ಮಗ್ಗುಲಿಗೆ ವಾಲಿತು. "ಹಿಡ್ಕೊಳ್ರೋ!" ಎಂದು ಯಾರೋ ಕೂಗುವಷ್ಟರಲ್ಲಿ ಕಪ್ಪು ಕೋಟಿನ ಮುದುಕಿಯೊಬ್ಬಳು ನುಗ್ಗಿ ಬಂದು ಹಿಡಿಕೆಗೆ ಕೈ ಹಾಕಿದಳು.

"ಬಿಡಿ ಅಜ್ಜಿ, ನಿಮ್ ಕೈಲಾಗಲ್ಲ."

"ಸುಮ್ನೆ ನಡಿಯಪ್ಪಾ. ನಿಮ್ಮಪ್ಪ ನನ್ನ ಉಳಿಸಿದೋರು. ಗಾಡಿ ತನಕ ನಾನೂ ಹೊರ್ತೀನಿ."

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಸಭಾಂಗಣದಲ್ಲಿ ಊಟ. ಮೂಲೆಯಲ್ಲೊಬ್ಬ ಮೆಲ್ಲಗೆ ಅಕಾರ್ಡಿಯನ್ ನುಡಿಸುತ್ತಿದ್ದ. ಝಿಗ್ಗಿಯ ಹೆಂಡತಿ ಹಲೀನಾ ಆ ಮುದುಕಿಯ ಎದುರು ಬಂದು ಕೂತಳು.

"ನೀವು ಯಾರು ಅಂತ ಗೊತ್ತಾಗ್ಲಿಲ್ಲ."

"ಲೊರೆಟಾ. ಶಾಲೆ ಅಡುಗೆಮನೇಲಿ ಕೆಲಸಕ್ಕಿದ್ದೆ."

"ಅಯ್ಯೋ, ಝಿಗ್ಗಿ ನಿನಗೆ ಹೇಳೇ ಇಲ್ವಾ?" ಪಕ್ಕದಲ್ಲಿದ್ದ ಚೆಸ್ಟರ್ ಸಾಸೇಜು ಚುಚ್ಚಿದ್ದ ಫೋರ್ಕನ್ನೇ ಎತ್ತಿ ಕೂಗಿದ. ಎಂಬತ್ತು ದಾಟಿದ್ದರೂ ಹೆಂಡದಂಗಡಿ ನಡೆಸಿದ ಗಂಟಲು ಇನ್ನೂ ಹಾಗೇ ಇತ್ತು. "ನಾನು ಆ ಮಾತೆತ್ತಿದ್ರೆ ಸಾಕು, ಗ್ಲಾಸು ಅಲ್ಲೇ ಬಿಟ್ಟು ಎದ್ದು ಹೋಗ್ತಿದ್ದ!"

*

ಸಾವಿರದ ಒಂಬೈನೂರ ಎಂಬತ್ತೈದರ ಜನವರಿ. ಅಮೆರಿಕದ ಬಫಲೊ ಊರು ಹಿಮದಲ್ಲಿ ಹೂತುಹೋಗಿತ್ತು. ನಲವತ್ತೊಂದು ವರ್ಷದ ಲೊರೆಟಾಳಿಗೆ ಹೃದಯಾಘಾತವಾಗಿ ಹೃದಯದ ಅರ್ಧ ಭಾಗ ಕೆಲಸ ನಿಲ್ಲಿಸಿತ್ತು. ಕೈಕಾಲು ತಣ್ಣಗೆ, ರಕ್ತದೊತ್ತಡ ಪಾತಾಳಕ್ಕೆ. "ಡ್ರಿಪ್ ಜಾಸ್ತಿ ಮಾಡೋಣ್ವಾ?" ಎಂದು ನರ್ಸ್ ಕೇಳಿದಾಗ ಡಾಕ್ಟರು ಬೇಡವೆಂದು ತಲೆಯಾಡಿಸಿದರು. "ರಕ್ತ ಬೇಕಾದಷ್ಟಿದೆ, ತಳ್ಳೋ ಶಕ್ತಿ ಇಲ್ಲ. ಇನ್ನೂ ನೀರು ಬಿಟ್ರೆ ಶ್ವಾಸಕೋಶ ತುಂಬ್ಕೊಳ್ಳುತ್ತೆ." ತೊಡೆಯ ಮೂಲಕ ಮಹಾಧಮನಿಗೆ ಒಂದು ಬಲೂನು ತೂರಿಸಿದರು. ಹೃದಯ ಬಡಿದು ವಿರಮಿಸುವಾಗ ಅದು ಉಬ್ಬುತ್ತಿತ್ತು, ಮತ್ತೆ ಬಡಿಯುವ ಮುನ್ನ ಕುಗ್ಗಿ ಹೊರೆ ಇಳಿಸುತ್ತಿತ್ತು. ಶಸ್ತ್ರಚಿಕಿತ್ಸೆಗೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬಲೂನಿನ ಯಂತ್ರದ ಜೊತೆ ಅದರ ರಿಪೇರಿಯವನು ಝಿಗ್ಗಿ ಆಂಬುಲೆನ್ಸ್ ಹತ್ತಿದ.

ಅರ್ಧ ದಾರಿಯಲ್ಲಿ ಗಾಡಿ ಹಿಮದಲ್ಲಿ ಹುಗಿದುಕೊಂಡಿತು. ಯಂತ್ರ ಕೀಂಯ್‌ಗುಟ್ಟಿತು. ಬ್ಯಾಟರಿ ಇಳಿಯುತ್ತಿತ್ತು.

ಝಿಗ್ಗಿ ಬಾಗಿಲು ಒದ್ದು ಹಾರಿದ. ಎದುರಿಗೇ ಚೆಸ್ಟರನ ಅಂಗಡಿ.

"ಕರೆಂಟು! ಕರೆಂಟು ಕೊಡು!"

"ಕುಡಿದಿದ್ದೀಯೇನೋ?"

"ಗಾಡೀಲಿ ಹೆಂಗಸು ಸಾಯ್ತಿದ್ದಾಳೆ ಕಣೋ!"

ಚೆಸ್ಟರ್ ಬಿಯರ್ ಫ್ರಿಜ್ಜಿನ ಪ್ಲಗ್ ಕಿತ್ತ. ಇದ್ದಬದ್ದ ವೈರುಗಳನ್ನೆಲ್ಲ ಒಂದಕ್ಕೊಂದು ಸಿಕ್ಕಿಸಿ ಕಿಟಕಿಯಿಂದ ಹೊರಗೆಸೆದರು. ಜೋಡಣೆ ಒದ್ದೆಯಾಗದಂತೆ ಕುಡುಕರು ಸಾಲಾಗಿ ನಿಂತು ವೈರನ್ನು ತಲೆಯ ಮೇಲೆ ಎತ್ತಿ ಹಿಡಿದರು. ಉಳಿದವರು ಸಿಕ್ಕ ಸಲಿಕೆ, ತಟ್ಟೆಗಳಲ್ಲಿ ಹಿಮ ಬಗೆದರು. ಯಂತ್ರದ ದೀಪ ಹಸಿರಾದಾಗ ಬೀದಿಯೇ ಹೋ ಎಂದು ಕೂಗಿತು. ನಲವತ್ತು ನಿಮಿಷದ ಮೇಲೆ ಹಿಮ ತಳ್ಳುವ ಲಾರಿ ಬಂದು ದಾರಿ ಬಿಡಿಸಿತು.

*

"ಒಬ್ಬನೂ ಕೈ ಇಳಿಸ್ಲಿಲ್ಲ ನೋಡು!" ಚೆಸ್ಟರ್ ಮೇಜು ಗುದ್ದಿದ. ಸುತ್ತ ನೆರೆದವರು ಚಪ್ಪಾಳೆ ಹೊಡೆದರು. ಹಲೀನಾ ಮಾತ್ರ ಕರವಸ್ತ್ರ ಹಿಂಡುತ್ತಿದ್ದಳು.

"ಆ ದಿನ ಮನೆಗೆ ಬಂದು ಊಟ ಮಾಡ್ಲಿಲ್ಲ ಅವರು," ಎಂದಳು. "ಹಿಂದಿನ ದಿನ ಎರಡು ಪಾಳಿ ಮಾಡಿ ಸುಸ್ತಾಗಿ, ಯಂತ್ರಾನ ಚಾರ್ಜಿಗೆ ಹಾಕೋದು ಮರೆತಿದ್ರಂತೆ. 'ನನ್ನಿಂದ ಒಂದು ಹೆಂಗಸು ಹೋಗ್ಬಿಡ್ತಿದ್ಳು' ಅಂದ್ರು. ಅಷ್ಟೇ. ಆಮೇಲೆ ರಜಾ ಇದ್ರೂ ಬ್ಯಾಟರಿ ನೋಡೋಕೆ ಆಸ್ಪತ್ರೆಗೆ ಹೋಗೋರು. ಕ್ರಿಸ್ಮಸ್ ದಿನಾನೂ. ನಾನು ಜಗಳ ಆಡ್ತಿದ್ದೆ. ಆ ಹೆಂಗಸು ನೀವೇ ಅಂತ ಈಗ ಗೊತ್ತಾಯ್ತು. ಅವರನ್ನ ಕ್ಷಮಿಸ್ತೀರಾ?"

ಚೆಸ್ಟರ್ ಕೈಯಲ್ಲಿದ್ದ ಫೋರ್ಕನ್ನು ತಟ್ಟೆಗಿಟ್ಟ.

ಲೊರೆಟಾ ಕುರ್ಚಿ ಹಿಂದೆ ತಳ್ಳಿ ಎದ್ದಳು.

"ಏನಯ್ಯಾ, ಅಕಾರ್ಡಿಯನ್ನು!" ಎಂದು ಮೂಲೆಗೆ ಕೂಗಿದಳು. "ಏನಿದು ಅಳುಮುಂಜಿ ರಾಗ? ಕುಣಿಯೋಕೆ ಪೋಲ್ಕಾ ರಾಗ ನುಡಿಸು. ಜೋರಾಗಿ!"

"ಇವತ್ತೇನ್ರೀ..." ಹಲೀನಾ ಹಿಂಜರಿದಳು.

"ಆಮೇಲೆ ಮೂವತ್ತೆಂಟು ವರ್ಷ ಬದುಕಿದೀನಿ ಕಣ್ರೀ! ಬನ್ನಿ, ಏಳಿ."

ಇಬ್ಬರು ಮುದುಕಿಯರು ಕಪ್ಪು ಕೋಟಿನಲ್ಲೇ ಮೇಜುಗಳ ನಡುವೆ ಸುತ್ತತೊಡಗಿದರು. ಹೆಜ್ಜೆ ತಪ್ಪುತ್ತಿತ್ತು, ಕುರ್ಚಿಯೊಂದು ಉರುಳಿತು, ಯಾರೂ ಎತ್ತಲಿಲ್ಲ. ಲೊರೆಟಾಳ ಬೆನ್ನ ಮೇಲಿಟ್ಟ ಹಲೀನಾಳ ಅಂಗೈಗೆ, ದಪ್ಪ ಉಣ್ಣೆಯ ಆಚೆಯಿಂದ, ಆ ಹೃದಯ ದಡದಡ ಗುದ್ದುವುದು ತಿಳಿಯುತ್ತಿತ್ತು. ಹಾಡು ಮುಗಿದರೂ ಅವಳು ಕೈ ತೆಗೆಯಲಿಲ್ಲ.